ಬ್ರೇಕ್ ಮೇಷ್ಟ್ರ ಬಲಗಾಲು

ಆ ಊರಿನಲ್ಲಿ ಕಾರು ಓಡಿಸುವವರ ಪೈಕಿ ಅರ್ಧಕ್ಕರ್ಧ ಜನ ಮೇಷ್ಟ್ರ ಬೈಗುಳ ತಿಂದೇ ಕಲಿತವರು. ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರಿನಲ್ಲಿ ಕಲಿಯುವವರ ಪಕ್ಕ ಕೂತು, ತಮ್ಮ ಕಾಲ ಬುಡದಲ್ಲಿದ್ದ ಇನ್ನೊಂದು ಬ್ರೇಕಿನ ಮೇಲೆ ಬಲಗಾಲು ಊರಿಕೊಂಡು, "ಬ್ರೇಕ್! ಬ್ರೇಕ್! ಅಯ್ಯೋ, ಬ್ರೇಕ್!" ಎಂದು ಅವರು ಕೂಗುತ್ತಿದ್ದುದು ಎರಡು ಬೀದಿ ಆಚೆಗೂ ಕೇಳಿಸುತ್ತಿತ್ತು. ಹಾಗಾಗಿ ಬ್ರೇಕ್ ಮೇಷ್ಟ್ರು ಅನ್ನುವ ಹೆಸರು ಬಂತು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನವರನ್ನು ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಹೆಂಡತಿ "ರೀ" ಅನ್ನುತ್ತಿದ್ದಳು. ಆ ಒಂದಕ್ಷರದಲ್ಲಿ ಅವಳು ಪ್ರೀತಿ, ತಗಾದೆ, ಎಚ್ಚರಿಕೆ ಮೂರನ್ನೂ ಸಲೀಸಾಗಿ ಹೇಳಬಲ್ಲವಳಾಗಿದ್ದಳು.

ಇಷ್ಟು ವರ್ಷ ಮೇಷ್ಟ್ರ ಕಾರು ಒಂದು ಕೋಳಿಗೂ ತಾಗಿರಲಿಲ್ಲ. ಆ ಹೆಮ್ಮೆಯನ್ನು ಒಂದು ಬೆಳಿಗ್ಗೆ ನೀರಿಗೆ ಇಳಿಸಿದವರು ಹೆಡ್‌ಮಿಸ್.

ಹೆಡ್‌ಮಿಸ್ ಅಂದರೆ ಹೆಣ್ಣುಮಕ್ಕಳ ಶಾಲೆಯಿಂದ ಆಗಷ್ಟೇ ನಿವೃತ್ತರಾಗಿದ್ದ ಮುಖ್ಯೋಪಾಧ್ಯಾಯಿನಿ. ಈ ವಯಸ್ಸಿನಲ್ಲಿ ಯಾಕೆ ಕಾರು ಎಂದು ಯಾರೋ ಕೇಳಿದ್ದಕ್ಕೆ, "ಜೀವನಪೂರ್ತಿ ಗಂಟೆ ಹೊಡೆಸಿದವಳು ನಾನು. ಈಗ ಬಸ್ಸಿನ ಟೈಮಿಗೆ ನಾನ್ಯಾಕೆ ಓಡಬೇಕು?" ಎಂದಿದ್ದರು. ಅವರಿಗೆ ಹೆದರಿಕೆ ಅನ್ನುವ ಪದಾರ್ಥವೇ ಗೊತ್ತಿರಲಿಲ್ಲ. ಕಲಿಸುವವರಿಗೆ ಇದಕ್ಕಿಂತ ಅಪಾಯದ ಶಿಷ್ಯರು ಇನ್ನಿಲ್ಲ.

ಅವತ್ತು ಕೆರೆಯ ಪಕ್ಕದ ತಿರುವಿನಲ್ಲಿ ಹೆಡ್‌ಮಿಸ್, "ಅಯ್ಯೋ, ತಾವರೆ ಎಷ್ಟು ಬಿಟ್ಟಿದೆ ನೋಡಿ ಮೇಷ್ಟ್ರೇ!" ಎಂದು ಕತ್ತು ತಿರುಗಿಸಿದರು. ಕತ್ತು ಹೋದ ಕಡೆ ಕೈ ಹೋಯಿತು, ಕೈ ಹೋದ ಕಡೆ ಕಾರು ಹೋಯಿತು.

"ಬ್ರೇಕ್! ಬ್ರೇಕ್!" ಎಂದು ಮೇಷ್ಟ್ರು ಕಿರುಚಿದರು.

"ಒಂದ್ನಿಮಿಷ ಇರಿ," ಎಂದರು ಹೆಡ್‌ಮಿಸ್.

ಕಾರು ದಂಡೆ ಇಳಿದು, ಬಿಸಿಲಿಗೆ ಬೇಸತ್ತ ಎಮ್ಮೆ ನೀರಿಗಿಳಿದ ಹಾಗೆ ಆರಾಮವಾಗಿ ಕೆರೆಗೆ ಇಳಿದು, ಜೊಂಡಿನ ನಡುವೆ ಕೆಸರಿನಲ್ಲಿ ಕೂತುಬಿಟ್ಟಿತು. ನೀರು ಮೊಣಕಾಲಿನವರೆಗೆ. ಹೆಡ್‌ಮಿಸ್ ಕೀಲಿ ತಿರುಗಿಸಿ ಇಂಜಿನ್ ನಿಲ್ಲಿಸಿದರು, ಶಿಸ್ತಾಗಿ ಹ್ಯಾಂಡ್‌ಬ್ರೇಕ್ ಎಳೆದರು, ಆಮೇಲೆ ಕೇಳಿದರು: "ಈಗ ಗೇರ್ ಯಾವುದರಲ್ಲಿರಬೇಕು?"

ಮೇಷ್ಟ್ರು ತಮ್ಮ ಬಲಗಾಲನ್ನೇ ನೋಡುತ್ತಿದ್ದರು. ಅದು ಬ್ರೇಕಿನ ಮೇಲೆಯೇ ಇತ್ತು, ಇಟ್ಟಲ್ಲೇ ಇತ್ತು. ಒತ್ತಿರಲಿಲ್ಲ, ಅಷ್ಟೇ.

ಇಬ್ಬರಿಗೂ ಒಂದು ತರಚುಗಾಯವೂ ಆಗಿರಲಿಲ್ಲ. ಕೆಸರು ದಾಟಿ ಬರುವಾಗ ಮೇಷ್ಟ್ರ ಒಂದು ಚಪ್ಪಲಿ ಹೋಯಿತು. ಒಂದು ಟ್ರ್ಯಾಕ್ಟರ್ ಬಂದು ಕಾರನ್ನು ಎಳೆಯಿತು. ನೋಡಲು ಸೇರಿದ್ದ ಜನ ತಲೆಗೊಂದು ಸಲಹೆ ಕೊಟ್ಟರು. ಹೆಡ್‌ಮಿಸ್ ಎಲ್ಲರಿಗೂ ಕೇಳುವ ಹಾಗೆ, "ನನ್ನ ತಪ್ಪೇನಿಲ್ಲ. ಅಷ್ಟು ದೊಡ್ಡ ಕೆರೇನ ರಸ್ತೆ ಪಕ್ಕ ಇಟ್ಕೊಂಡ್ರೆ ಹೀಗೇ ಆಗೋದು," ಎಂದು ಹೇಳಿ ಒದ್ದೆ ಸೀರೆ ಹಿಂಡಿಕೊಂಡು ಮನೆಗೆ ನಡೆದರು.

ಗ್ಯಾರೇಜಿನವನು ಕೆಲವೇ ದಿನಗಳಲ್ಲಿ ಕಾರನ್ನು ಒಣಗಿಸಿ, ಒರೆಸಿ, ಓಡುವ ಹಾಗೆ ಮಾಡಿದ. ಮೇಷ್ಟ್ರನ್ನು ಹಾಗೆ ಮಾಡುವ ಗ್ಯಾರೇಜು ಎಲ್ಲೂ ಇರಲಿಲ್ಲ. ಕಾರಿನ ಬಾಗಿಲು ತೆಗೆಯುತ್ತಿದ್ದರು, ಒಳಗೆ ಕೂರದೆ ಹಾಗೇ ಮುಚ್ಚಿಬಿಡುತ್ತಿದ್ದರು. ಕಷ್ಟ ಬಂದಾಗ ಜನ ಕಾಲಿಗೆ ಬುದ್ಧಿ ಹೇಳುತ್ತಾರೆ. ಇವರ ಕಾಲು ಬುದ್ಧಿಮಾತು ಕೇಳುವ ಸ್ಥಿತಿಯಲ್ಲೇ ಇರಲಿಲ್ಲ. ಬೇಕಾದಾಗ ಒತ್ತದ ಆ ಕಾಲು ಈಗ ಬೇಡದಾಗೆಲ್ಲ ಒತ್ತತೊಡಗಿತು. ಊಟಕ್ಕೆ ಕೂತಾಗ ಹೆಂಡತಿ ಸಾರಿನ ಪಾತ್ರೆ ಮುಂದಕ್ಕೆ ತಳ್ಳಿದರೆ ಧಡ್! ಮೂಲೆಯಿಂದ ಬೆಕ್ಕು ಬಂದರೆ ಧಡ್! ಕನಸಿನಲ್ಲಿ ಯಾರಾದರೂ ರಸ್ತೆ ದಾಟಿದರೂ ಧಡ್, ಮತ್ತು ಅದು ಹೆಂಡತಿಯ ಮೊಣಕಾಲಿಗೆ.

ಕೆಳಗಿನ ಮನೆಯಲ್ಲಿ ಪಿಟೀಲು ಕಲಿಸುವವರೊಬ್ಬರು ಇದ್ದರು. ಅವರು ಒಂದು ದಿನ ಮೆಟ್ಟಿಲು ಹತ್ತಿ ಬಂದು ತೀರ ವಿನಯದಿಂದ ಹೇಳಿದರು: "ಮೇಷ್ಟ್ರೇ, ನೀವು ತಾಳ ಹಾಕೋದಕ್ಕೆ ನನ್ನ ತಕರಾರಿಲ್ಲ. ಆದ್ರೆ ಯಾವ ತಾಳ ಅಂತ ಒಂದು ಹೇಳಿಬಿಡಿ. ಮಕ್ಕಳಿಗೆ ಗೊಂದಲ ಆಗ್ತಿದೆ."

ಡ್ರೈವಿಂಗ್ ಸ್ಕೂಲಿನ ಮಾಲೀಕ ಮೇಷ್ಟ್ರ ಭಾವ, ಅಂದರೆ ಹೆಂಡತಿಯ ಅಣ್ಣ. ಒಳ್ಳೆಯ ಮನುಷ್ಯ. "ಕಾರಿಗೆ ಹತ್ತೋದು ಬೇಡ, ಸ್ವಲ್ಪ ದಿನ ಕೌಂಟರಿನಲ್ಲಿ ಕೂತ್ಕೊಳ್ಳಿ. ಬಂದವರನ್ನ ವಿಚಾರಿಸ್ಕೊಂಡ್ರೆ ಸಾಕು," ಎಂದ. ಮೇಷ್ಟ್ರು ವಿಚಾರಿಸಿಕೊಂಡರು. "ಕಲಿಯೋದು ಕಷ್ಟಾನಾ ಸಾರ್?" ಎಂದು ಒಬ್ಬ ತರುಣಿ ಕೇಳಿದಾಗ ಅವರು ಅವಳನ್ನು ಬಹಳ ಹೊತ್ತು ಕರುಣೆಯಿಂದ ನೋಡಿ, "ಮನೇಲಿ ಅಪ್ಪ ಅಮ್ಮ ಇದಾರಾ ತಾಯಿ?" ಎಂದು ಕೇಳಿದರು. ಅವಳು ತಿರುಗಿ ನೋಡದೆ ಹೋದಳು. ಭಾವ ಅವರನ್ನು ಮೆಲ್ಲಗೆ ಕೌಂಟರಿನಿಂದಲೂ ಎಬ್ಬಿಸಿ ಮನೆಗೆ ಕಳಿಸಿದ.

ಮನೆಯಲ್ಲಿ ಹೆಂಡತಿ ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ರೀ, ಆ ಚಪ್ಪಲಿ ಹೊಸದಲ್ವಾ?"

"ಹೂಂ."

"ಒಂದೇ ಚಪ್ಪಲಿ ಇಟ್ಕೊಂಡು ನಾನೇನು ಮಾಡ್ಲಿ? ಇನ್ನೊಂದನ್ನ ಹುಡುಕಿ ತನ್ನಿ."

"ಕೆರೇಲಿ ಹೋದ ಚಪ್ಪಲಿ ಸಿಗುತ್ತಾ?"

"ಸಿಗದಿದ್ರೂ ಪರವಾಗಿಲ್ಲ, ಹುಡುಕಿ," ಎಂದು ಅವಳು ಬಾಗಿಲು ತೆರೆದು ನಿಂತಳು. ಚಪ್ಪಲಿಗಿಂತ ಅವಳಿಗೆ ಒಂದಷ್ಟು ಹೊತ್ತು ಧಡ್ ಸದ್ದಿಲ್ಲದ ಮನೆ ಬೇಕಾಗಿತ್ತು ಅನ್ನುವುದು ಮೇಷ್ಟ್ರಿಗೂ ಅರ್ಥವಾಯಿತು.

ಕೆರೆಯ ಅಂಚಿನಲ್ಲಿ ಚಪ್ಪಲಿ ಸಿಕ್ಕೇಬಿಟ್ಟಿತು. ಅರ್ಧ ಕೆಸರಿನಲ್ಲಿ ಹೂತು, ಅರ್ಧ ಮೇಲೆದ್ದು ನಿಂತಿತ್ತು. ಆದರೆ ಅದರೊಳಗೆ ಒಂದು ದಪ್ಪ ಕಪ್ಪೆ ಕೂತಿತ್ತು.

"ಏಯ್, ಎದ್ದೇಳು," ಎಂದರು ಮೇಷ್ಟ್ರು.

ಕಪ್ಪೆ ಅವರತ್ತ ನೋಡಿತು. ಹಳೇ ಬಾಡಿಗೆದಾರನ ಮುಖ. ಅಷ್ಟು ಸುಲಭವಾಗಿ ಖಾಲಿ ಮಾಡುವ ಲಕ್ಷಣವಿರಲಿಲ್ಲ. ಕೈ ಹಾಕಲು ಮೇಷ್ಟ್ರಿಗೆ ಧೈರ್ಯವಿಲ್ಲ, ಬರಿಗೈಯಲ್ಲಿ ಮನೆಗೆ ಹೋಗಲು ಅದಕ್ಕಿಂತ ಕಡಿಮೆ ಧೈರ್ಯ. ಸರಿ, ಅದಾಗಿಯೇ ಹೋಗಲಿ ಎಂದು ಪಕ್ಕದ ಬಂಡೆಯ ಮೇಲೆ ಕೂತರು.

ಮೇಷ್ಟ್ರು ಏನೂ ಮಾಡದೆ ಕೂತು ಎಷ್ಟು ವರ್ಷವಾಗಿತ್ತೋ. ಮೊದಲು ಬರೀ ಸೊಳ್ಳೆ ಕಂಡಿತು. ಆಮೇಲೆ ಎದುರಿನ ಒಣಕೊಂಬೆಯ ಮೇಲೆ ಒಂದು ನೀಲಿ ಚುಕ್ಕೆ ಕಂಡಿತು. ಮಿಂಚುಳ್ಳಿ. ಅದು ಬಾಣದ ಹಾಗೆ ನೀರಿಗೆ ಬಿತ್ತು, ಎದ್ದು ಬಂತು, ಕೊಕ್ಕು ಖಾಲಿ. ಮತ್ತೆ ಬಿತ್ತು, ಖಾಲಿ. ಮತ್ತೂ ಬಿತ್ತು, ಕೊಕ್ಕಿನ ತುದಿಯಲ್ಲಿ ಒಂದು ಎಲೆ. ಪ್ರತಿ ಸಲವೂ ಅದೇ ಕೊಂಬೆಗೆ ಹಿಂತಿರುಗಿ, ತಲೆ ಕೊಡವಿ, ಏನೂ ಆಗಿಲ್ಲವೆಂಬಂತೆ ನೀರು ನೋಡುತ್ತಾ ಕೂತಿತು. 'ನಾನಾಗಿದ್ದರೆ ಆ ಕೊಂಬೆಗೆ ಮತ್ತೆ ಮುಖ ತೋರಿಸುತ್ತಿರಲಿಲ್ಲ,' ಎಂದುಕೊಂಡರು ಮೇಷ್ಟ್ರು. 'ಪುಣ್ಯಕ್ಕೆ ಅದಕ್ಕೆ ಭಾವನೂ ಇಲ್ಲ, ಸಲಹೆ ಕೊಡುವ ಜನರೂ ಇಲ್ಲ.' ಕೊನೆಗೆ ಅದರ ಬಾಯಲ್ಲಿ ಬೆಳ್ಳಿಯ ಚೂರಿನಂಥ ಮೀನು ಹೊಳೆದಾಗ ಅವರು ತಮಗೆ ಗೊತ್ತಿಲ್ಲದೆ, "ಶಾಭಾಷ್!" ಎಂದು ಕೂಗಿದರು. ಶಿಷ್ಯರಿಗೆ ಯಾರಿಗೂ ಅವರು ಆ ಮಾತು ಹೇಳಿದ್ದಿಲ್ಲ.

ಆಗ ಇನ್ನೊಂದು ವಿಷಯ ಹೊಳೆಯಿತು. ಬಂದಾಗಿನಿಂದ ಕಾಲು ಒಮ್ಮೆಯೂ ಒತ್ತಿರಲಿಲ್ಲ. ಹೊಳೆದದ್ದೇ ತಡ, ಧಡ್! ಕಪ್ಪೆ ಬೆಚ್ಚಿ ನೀರಿಗೆ ಹಾರಿತು. ಚಪ್ಪಲಿ ಎತ್ತಿಕೊಂಡು ನೋಡಿದರೆ ಅಡಿಭಾಗ ಬಿಟ್ಟುಹೋಗಿತ್ತು.

ಮರುದಿನ ಹುಡುಕಲು ಏನೂ ಇರಲಿಲ್ಲ, ಆದರೂ ಹೋದರು. ಅದರ ಮರುದಿನವೂ ಹೋದರು. ಹೋಗುವಾಗ ಹೆಂಡತಿ ಒಂದು ಫ್ಲಾಸ್ಕಿನಲ್ಲಿ ಕಾಫಿ ಹಾಕಿ ಕೈಗಿತ್ತಳು. ತಾವರೆ ಒಮ್ಮೆಲೇ ಅರಳುವುದಿಲ್ಲ, ತಡೆತಡೆದು, ಮನಸ್ಸಿಲ್ಲದೆ ಎದ್ದವರ ಹಾಗೆ ಅರಳುತ್ತದೆ ಎನ್ನುವುದನ್ನು ಮೇಷ್ಟ್ರು ನೋಡಿದರು. ದಾರಿ ದಾಟುತ್ತಿದ್ದ ಒಂದು ಬಸವನಹುಳುವಿಗೆ ಸೈಕಲ್ಲಿನವರು ತಾಗದಂತೆ ಕೈ ಅಡ್ಡ ಹಿಡಿದು ನಿಂತರು. ಹುಳು ಆಚೆ ಬದಿ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತು. ಬ್ರೇಕು ಹಾಕಬೇಕಾಗಿಯೇ ಇಲ್ಲದ ವಾಹನವನ್ನು ಅವರು ನೋಡಿದ್ದು ಅದೇ ಮೊದಲು.

ಒಂದು ಬೆಳಿಗ್ಗೆ ಹಿಂದಿನಿಂದ ಪರಿಚಿತ ದನಿ ಬಂತು.

"ಓಹೋ, ಸ್ಥಳ ಮಹಜರು ಮಾಡ್ತಾ ಇದೀರಾ?"

ಹೆಡ್‌ಮಿಸ್! ಮೇಷ್ಟ್ರ ಕಾಲು ಧಡಧಡ ಎಂದಿತು. ಹೆಡ್‌ಮಿಸ್ ಅದನ್ನು ನೋಡಿಯೂ ನೋಡದ ಹಾಗೆ ಬಂಡೆಯ ಇನ್ನೊಂದು ತುದಿಯಲ್ಲಿ ಕೂತು, ಫ್ಲಾಸ್ಕಿನ ಮುಚ್ಚಳದಲ್ಲಿ ತಾವೇ ಕಾಫಿ ಬಗ್ಗಿಸಿಕೊಂಡರು. ಅವರಿಗೆ ಒಂದು ಹಕ್ಕಿಯ ಹೆಸರೂ ಗೊತ್ತಿರಲಿಲ್ಲ, ಅದರಿಂದ ಅವರಿಗೆ ಏನೂ ತೊಂದರೆಯಾಗಲಿಲ್ಲ. ರೆಕ್ಕೆ ಎರಡೂ ಬಿಚ್ಚಿ ಒಣಗಿಸುತ್ತಿದ್ದ ಕರಿ ಹಕ್ಕಿಯನ್ನು ನೋಡಿ, "ನಮ್ಮ ಡ್ರಿಲ್ ಮಾಸ್ತರು," ಎಂದರು. ಒಂದರ ಹಿಂದೆ ಒಂದು ಗದ್ದಲ ಮಾಡುತ್ತ ಹೋದ ಬಾತುಗಳು "ಎಂಟನೇ ಕ್ಲಾಸು, ಬಿ ಸೆಕ್ಷನ್." ನೀರಿನ ನಡುವೆ ಅಲುಗಾಡದೆ ನಿಂತಿದ್ದ ಕೊಕ್ಕರೆಯನ್ನು ತೋರಿಸಿ, "ಇವರು ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬ್ರು. ಏನೂ ಮಾಡಲ್ಲ, ಆದ್ರೆ ಎಲ್ಲರಿಗೂ ಭಯ," ಎಂದರು.

ಮೇಷ್ಟ್ರಿಗೆ ತಿಂಗಳಾದ ಮೇಲೆ ನಗು ಬಂತು.

ಅಷ್ಟರಲ್ಲಿ ಒಂದು ನೀರುಹಾವು ತಲೆ ಎತ್ತಿಕೊಂಡು, ಗೀಟು ಎಳೆದ ಹಾಗೆ ಈಜುತ್ತ ದಡಕ್ಕೆ ಬಂತು. ಮೇಷ್ಟ್ರು ಬಂಡೆಯ ತುದಿಗೆ ಹತ್ತಿದರು. ಹೆಡ್‌ಮಿಸ್ ಅಲ್ಲಾಡಲಿಲ್ಲ. "ಕೂತ್ಕೊಳ್ಳಿ. ಅದಕ್ಕೆ ಬೇರೆ ಕೆಲಸ ಇದೆ." ಹಾವು ಅವರಿಬ್ಬರನ್ನೂ ಕಲ್ಲಿನ ಲೆಕ್ಕಕ್ಕೆ ಸೇರಿಸಿ ಹುಲ್ಲಿನೊಳಗೆ ಹೋಯಿತು. ಮುಂದಿನ ದಿನಗಳಲ್ಲಿ ಅದು ಬಂದಾಗಲೆಲ್ಲ ಮೇಷ್ಟ್ರು ಕಾಲು ಮಾತ್ರ ಮೇಲೆತ್ತುತ್ತಿದ್ದರು. ಆಮೇಲಾಮೇಲೆ ಅದನ್ನೂ ಬಿಟ್ಟರು.

"ನನ್ನ ಪಾಠ ಯಾವಾಗ ಶುರು?" ಎಂದು ಹೆಡ್‌ಮಿಸ್ ಪ್ರತಿ ದಿನ ಕೇಳುತ್ತಿದ್ದರು.

"ನನ್ನಿಂದ ಆಗಲ್ಲ ಮಿಸ್. ಅವತ್ತು ನನ್ನ ಕಾಲೇ ನನ್ನ ಮಾತು ಕೇಳಲಿಲ್ಲ," ಎಂದು ಮೇಷ್ಟ್ರು ಒಂದು ದಿನ ಬಾಯಿಬಿಟ್ಟರು. ಹೆಂಡತಿಗೂ ಹೇಳಿರದ ಮಾತು.

ಹೆಡ್‌ಮಿಸ್ ಕೊಕ್ಕರೆಯ ಕಡೆ ಕೈ ತೋರಿಸಿದರು. "ನೀವು ಅಷ್ಟು ಜೋರಾಗಿ ಕೂಗ್ತಾ ಇದ್ರಿ ಮೇಷ್ಟ್ರೇ. ಇದ್ದಬದ್ದ ಶಕ್ತಿಯೆಲ್ಲ ಗಂಟಲಿಗೆ ಹೋದ್ಮೇಲೆ ಪಾಪ, ಕಾಲಿಗೆ ಏನು ಉಳೀತು? ಈ ಸಾಹೇಬ್ರನ್ನ ನೋಡಿ. ಬೆಳಿಗ್ಗೆಯಿಂದ ಪಿಟಕ್ ಅಂದಿಲ್ಲ."

ಹೇಳುತ್ತಿದ್ದ ಹಾಗೆಯೇ ಕೊಕ್ಕರೆಯ ಕತ್ತು ಮಿಂಚಿ, ಮೀನು ಅದರ ಗಂಟಲಿಗಿಳಿಯಿತು. ನೀರು ಹೆಚ್ಚು ಕಲಕಲೂ ಇಲ್ಲ. ಮೇಷ್ಟ್ರು ಬೈಸಿಕೊಂಡ ಹುಡುಗನ ಹಾಗೆ ತಲೆ ತಗ್ಗಿಸಿದರು. ಮಾತು ನಾಟಿತ್ತು.

ಮರುದಿನ ಅವರೇ ಭಾವನಿಗೆ ಹೇಳಿ ಕಾರನ್ನು ಕೆರೆಯ ಹತ್ತಿರ ತರಿಸಿದರು. ಭಾವ ಕಾರು ನಿಲ್ಲಿಸಿ ದೂರ ಹೋಗಿ ಮರದ ಮರೆಯಲ್ಲಿ ನಿಂತ. ಹೆಡ್‌ಮಿಸ್ ಸ್ಟೇರಿಂಗ್ ಮುಂದೆ, ಮೇಷ್ಟ್ರು ಪಕ್ಕದ ತಮ್ಮ ಸೀಟಿನಲ್ಲಿ ಕೂತರು. ಕಾಲು ಹೊಲಿಗೆ ಯಂತ್ರದ ಸೂಜಿಯ ಹಾಗೆ ನಡುಗತೊಡಗಿತು. ಇಷ್ಟು ದಿನ ಅದನ್ನು ಬೈದು, ಹಿಡಿದು, ಒತ್ತಿ ನೋಡಿದ್ದರು. ಇವತ್ತು ಏನೂ ಮಾಡಲಿಲ್ಲ. "ನಡುಗೋದಾದ್ರೆ ನಡುಗಪ್ಪ, ನಾನಿಲ್ಲೇ ಇರ್ತೀನಿ," ಎಂದು ಗಾಜಿನಾಚೆಯ ನೀರು ನೋಡುತ್ತ ಕೂತರು. ಗಾಳಿ ಬಂದಾಗ ಜೊಂಡೆಲ್ಲ ಬಾಗುತ್ತಿತ್ತು, ಗಾಳಿ ಹೋದಾಗ ನೆಟ್ಟಗಾಗುತ್ತಿತ್ತು; ಬಾಗಿದ್ದಕ್ಕೆ ಯಾವ ಜೊಂಡೂ ನಾಚಿಕೊಂಡ ಹಾಗೆ ಕಾಣಲಿಲ್ಲ. ಕಾಲು ನಡುಗಿ ನಡುಗಿ, ಕೇಳುವವರಿಲ್ಲದೆ ಅತ್ತ ಮಗುವಿನಂತೆ ತಾನಾಗಿಯೇ ಸುಮ್ಮನಾಯಿತು.

"ಹೋಗೋಣ ಮಿಸ್," ಎಂದರು ಮೇಷ್ಟ್ರು.

ಅವತ್ತು ಹೆಡ್‌ಮಿಸ್ ಕೆರೆಯ ಸುತ್ತ ಕಾರು ಓಡಿಸಿದರು. ಬಸವನಹುಳು ಅವರನ್ನು ಹಿಂದೆ ಹಾಕುತ್ತಿತ್ತೋ ಏನೋ, ಆದರೆ ಕಾರು ಎಲ್ಲೂ ನೀರಿಗಿಳಿಯಲಿಲ್ಲ.

ಲೈಸೆನ್ಸ್ ಪರೀಕ್ಷೆಯ ದಿನ ಬಂತು. ಹೋಗುವ ಮುಂಚೆ ಹೆಡ್‌ಮಿಸ್ ಕೆರೆ ನೋಡಿಕೊಂಡೇ ಹೋಗಬೇಕೆಂದರು. ಒದ್ದೆ ಹುಲ್ಲಿನಲ್ಲಿ ಬರಿಗಾಲಲ್ಲಿ ಓಡಾಡಿ, ಹಿಂದಿನ ಬಾಗಿಲು ಹಾರುಹೊಡೆದು, ಸೀಟಿನಂಚಿನಲ್ಲಿ ಕೂತು ಕಾಲು ಒರೆಸಿ ಷೂ ಹಾಕಿಕೊಂಡರು. ಬಾಗಿಲು ಹಾಗೆಯೇ ತೆರೆದಿಟ್ಟು ಕಾಫಿಯನ್ನೂ ಕುಡಿದು ಮುಗಿಸಿದರು.

ಪರೀಕ್ಷೆ ಮಾಡುವ ಅಧಿಕಾರಿ ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಕೆರೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಮುಂದೆ ನೀವೇ ಕೂತ್ಕೊಳ್ಳಿ, ನಿಮ್ಮ ಹತ್ರ ಬ್ರೇಕ್ ಇದೆ," ಎಂದು ಮೇಷ್ಟ್ರಿಗೆ ಹೇಳಿ ತಾವು ಹಿಂದೆ ಕೂತರು.

ಕಾರು ಹೊರಟಿತು. ಪೇಟೆ ಬೀದಿ ದಾಟಿ ಇಳಿಜಾರು ರಸ್ತೆಗೆ ಬಂತು. ಒಂದು ಪಕ್ಕ ಕಲ್ಲಿನ ಗೋಡೆ, ಬೆನ್ನಿಗೆ ಅಂಟಿಕೊಂಡ ಹಾಗೆ ಒಂದು ಬಸ್ಸು. ಆಗ ಹಿಂದಿನ ಸೀಟಿನಿಂದ ದನಿ ಬಂತು:

"ಹಾ... ಹಾ..."

"ನೋಡಿದ್ರಾ ಮೇಷ್ಟ್ರೇ, ಸಾಹೇಬ್ರು ಹಾಂ ಹಾಂ ಅಂತಿದಾರೆ," ಎಂದು ಹೆಡ್‌ಮಿಸ್ ಹುರುಪಿನಿಂದ ಗೇರ್ ಬದಲಿಸಿದರು.

ಮೇಷ್ಟ್ರು ತಿರುಗಿ ನೋಡಿದರು. ಅಧಿಕಾರಿ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಮೀಸೆ ಅದುರಿಸುತ್ತ, ಬೆರಳಿನಿಂದ ಕೆಳಗೆ ತೋರಿಸುತ್ತಿದ್ದರು. ಕೆಳಗೆ ಒಂದು ನೀರುಹಾವು ತಲೆ ಎತ್ತಿ, ಕೆರೆ ಎಲ್ಲಿ ಹೋಯಿತೆಂದು ಯೋಚಿಸುತ್ತಿತ್ತು. "ಹಾ" ಆದ ಮೇಲೆ "ವು" ಅನ್ನುವುದು ಪಾಪ, ಅಧಿಕಾರಿಗೆ ಬರುತ್ತಲೇ ಇರಲಿಲ್ಲ.

ಅದು ತಮ್ಮ ಕೆರೆಯದೇ ಹಾವೋ, ಬೇರೆಯದೋ ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು? ಕೂಗು ಗಂಟಲಿನವರೆಗೆ ಬಂತು. ಕೂಗಿದರೆ ಹೆಡ್‌ಮಿಸ್ ಕತ್ತು ತಿರುಗುತ್ತದೆ. ಅವರ ಕತ್ತು ತಿರುಗಿದರೆ ಏನಾಗುತ್ತದೆಂದು ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ತಟ್ಟನೆ ಬ್ರೇಕ್ ಒತ್ತಿದರೆ ಬಸ್ಸು ಬಂದು ಗುದ್ದುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಗಾದೆಯನ್ನು ಮೇಷ್ಟ್ರು ಬದುಕಿನಲ್ಲಿ ಎಷ್ಟೋ ಸಲ ಬಳಸಿದ್ದರು, ಒಳಗೆ ಹಾವನ್ನೇ ಇಟ್ಟುಕೊಂಡು ಬಳಸಿರಲಿಲ್ಲ.

ಅವರು ಕೂಗನ್ನು ನುಂಗಿದರು. ಅದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬಲಗಾಲು ಬ್ರೇಕಿನ ಮೇಲೆ ಹಗುರಾಗಿ, ಎಚ್ಚರವಾಗಿ ಕೂತಿತ್ತು. ನಡುಗುತ್ತಿತ್ತು, ಆದರೂ ಅವರದೇ ಕಾಲಾಗಿತ್ತು.

"ಮಿಸ್," ಎಂದರು ಮೆಲ್ಲಗೆ, "ಇಳಿಜಾರು ಮುಗಿದ ಮೇಲೆ ದೊಡ್ಡ ಮರ ಇದೆಯಲ್ಲ, ಬಸ್ಸಿಗೆ ದಾರಿ ಬಿಟ್ಟು ಅದರ ಕೆಳಗೆ ನಿಧಾನಕ್ಕೆ ನಿಲ್ಲಿಸಿ. ಅವಸರ ಇಲ್ಲ."

"ಸಾಹೇಬ್ರು ಹೇಳಿಲ್ಲವಲ್ಲ?"

"ಅವರಿಗೆ ಮಾತೇ ಹೊರಡ್ತಿಲ್ಲ."

"ಅಷ್ಟು ಚೆನ್ನಾಗಿ ಓಡಿಸ್ತಿದೀನಾ?"

"ಬಹಳ ಚೆನ್ನಾಗಿ ಓಡಿಸ್ತಿದೀರಿ. ಮುಂದೆ ನೋಡಿ."

ಹೆಡ್‌ಮಿಸ್ ಸಿಗ್ನಲ್ ಹಾಕಿ, ಬಸ್ಸನ್ನು ಮುಂದೆ ಬಿಟ್ಟು, ಕಾರನ್ನು ಮರದ ನೆರಳಿಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಂದು ನಿಲ್ಲಿಸಿದರು. ಮೇಷ್ಟ್ರು ಇಳಿದು ಹೋಗಿ ಹಿಂದಿನ ಬಾಗಿಲು ತೆರೆದು ದೂರ ಸರಿದು ನಿಂತರು. ಕಾದರು. ಕಾಯುವುದು ಅವರಿಗೆ ಈಗ ಚೆನ್ನಾಗಿ ಬರುತ್ತಿತ್ತು. ಹಾವು ಹೊರಗಿನ ಹುಲ್ಲನ್ನು ಪರಿಶೀಲಿಸಿ, ಒಪ್ಪಿ, ಇಳಿದು, ಮೋರಿಯ ಕಡೆ ಹರಿದುಹೋಯಿತು.

ಆಗ ಹಿಂದಕ್ಕೆ ತಿರುಗಿದ ಹೆಡ್‌ಮಿಸ್‌ಗೆ ಕಂಡದ್ದು ಹಾವಲ್ಲ, ಸೀಟಿನ ಮೇಲಿದ್ದ ಎರಡು ಬೂಟುಗಾಲು.

"ಇದೇನ್ರೀ ಇದು? ಸೀಟಿನ ಮೇಲೆ ಬೂಟುಗಾಲು ಇಡ್ತಾರೇನ್ರೀ? ಇಳಿಸಿ ಕೆಳಗೆ!"

ಅಧಿಕಾರಿ ಕಾಲಿಳಿಸಿದರು. "ಹಾವು," ಎಂದರು ಕೊನೆಗೂ.

"ಹೋಯ್ತು ಸಾರ್," ಎಂದರು ಮೇಷ್ಟ್ರು.

ಹೆಡ್‌ಮಿಸ್ ಪಾಸಾದರು. ಒಳಗೆ ಹಾವಿದ್ದರೂ ಕಾರನ್ನು ಸರಿಯಾದ ಕಡೆ, ಸರಿಯಾಗಿ ನಿಲ್ಲಿಸಿದವರನ್ನು ಫೇಲು ಮಾಡಲು ಅಧಿಕಾರಿಗೆ ಯಾವ ನಿಯಮವೂ ಸಿಗಲಿಲ್ಲ. ವಾಪಸ್ ಅಧಿಕಾರಿ ಕಾರಿನಲ್ಲಿ ಬರಲಿಲ್ಲ, ನಡೆದು ಬಂದರು.

ಮೇಷ್ಟ್ರು ಮನೆ ಮುಟ್ಟಿದ ಮೇಲೆ ಒಳಗೂ ಹೋಗದೆ ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಹೆಂಡತಿ ಬಿಸಿನೀರು ತಂದು ಕಾಲಡಿಗಿಟ್ಟು, ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

"ಹೆದರಿಕೆ ಆಗ್ಲಿಲ್ವಾ ನಿಮಗೆ?"

"ಆಯ್ತು. ಈಗಲೂ ಆಗ್ತಿದೆ. ಆದ್ರೆ ಅದು ಹಿಂದಿನ ಸೀಟಲ್ಲಿ ಕೂತಿತ್ತು, ಸ್ಟೇರಿಂಗ್ ಹಿಡೀಲಿಲ್ಲ."

ಅವಳು ಕಾಲು ಒರೆಸಿಕೊಳ್ಳಲು ಟವಲು ಕೊಟ್ಟಳು. "ಅಂಥದ್ದೇನಿದೆ ರೀ ಆ ಕೆರೇಲಿ? ನಾಳೆ ನಾನೂ ಬರ್ತೀನಿ."

ಮರುದಿನ ಬೆಳಿಗ್ಗೆ ಇಬ್ಬರೂ ಹೋದರು. ಮೇಷ್ಟ್ರು ದಾರಿಯುದ್ದಕ್ಕೂ ಮಿಂಚುಳ್ಳಿಯನ್ನು ಹೊಗಳಿದ್ದೇ ಹೊಗಳಿದ್ದು. ಹೋಗಿ ನೋಡಿದರೆ ಮಿಂಚುಳ್ಳಿ ಇಲ್ಲ, ಕೊಕ್ಕರೆ ರಜೆ ಹಾಕಿತ್ತು, ಮೋಡ ಕವಿದಿದ್ದರಿಂದಲೋ ಏನೋ ತಾವರೆಗಳೂ ಬಾಯಿ ಬಿಡಲಿಲ್ಲ. ಕೆಸರಿನ ವಾಸನೆ, ಸೊಳ್ಳೆ.

"ಇದೇನಾ?" ಎಂದಳು ಹೆಂಡತಿ.

"ಇದೇ."

"ಇದಕ್ಕೋಸ್ಕರ ನಾನು ಬೆಳಿಗ್ಗೆ ಎದ್ದು, ತಲೆ ಬಾಚಿಕೊಂಡು, ಪಾತ್ರೆಯೆಲ್ಲ ಹಾಗೇ ಬಿಟ್ಟು, ಹಾಲಿನವನಿಗೂ ಹೇಳದೆ..."

ಅಷ್ಟಕ್ಕೇ ಮಾತು ನಿಂತಿತು. ಒಂದು ಏರೋಪ್ಲೇನ್ ಚಿಟ್ಟೆ ಬಂದು ಅವಳ ಮೊಣಕಾಲ ಮೇಲೆ ಕೂತಿತ್ತು. ಕೆಂಪು ಮೈ, ಗಾಜಿನಂಥ ರೆಕ್ಕೆ, ಮುಖಕ್ಕಿಂತ ದೊಡ್ಡ ಕಣ್ಣು. ಅದು ತಲೆಯನ್ನು ಒಂದಿಷ್ಟು ಓರೆ ಮಾಡಿ ಅವಳನ್ನು ನೋಡಿತು. ಮದುವೆಯಾದಂದಿನಿಂದ ಅವಳು ವಾಕ್ಯವೊಂದನ್ನು ಅರ್ಧಕ್ಕೆ ಬಿಟ್ಟದ್ದನ್ನು ಮೇಷ್ಟ್ರು ಕಂಡಿರಲಿಲ್ಲ. ಅವಳ ಬಾಯಿ ಇನ್ನೂ ತೆರೆದೇ ಇತ್ತು.

"ರೀ," ಎಂದಳು ತುಟಿ ಅಲ್ಲಾಡಿಸದೆ, "ನಿಮಗೆ ಕ್ಲಾಸಿಗೆ ಹೊತ್ತಾಯ್ತೇನೋ. ನೀವು ಹೊರಡಿ. ನಾನು ಆಮೇಲೆ ಬರ್ತೀನಿ."